ಶಾಂತಿಗ್ರಾಮ: ರಾಣಿಯ ಹೆಸರು ಹೊತ್ತ ಊರು

ಬೆಂಗಳೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಹೋಗುವವರಿಗೆಲ್ಲ ಒಂದು ಅಭ್ಯಾಸವುಂಟು. ಚನ್ನರಾಯಪಟ್ಟಣ ದಾಟಿ ಅರ್ಧ ಗಂಟೆಯಾಗುತ್ತಲೇ ಎದ್ದು ನಿಂತು, ಮೇಲಿನ ಚೀಲವನ್ನು ಇಳಿಸಿಕೊಂಡು, ಚಪ್ಪಲಿಯನ್ನು ಕಾಲಿನಿಂದಲೇ ಹುಡುಕತೊಡಗುತ್ತಾರೆ. ಹಾಸನ ಬಂದೇಬಿಟ್ಟಿತೆಂಬ ಆತುರ. ಈ ಗಡಿಬಿಡಿಯ ನಡುವೆ ಎಡಬಲಗಳಲ್ಲಿ ಸರಿದುಹೋಗುವ ಊರನ್ನು ಯಾರೂ ನೋಡುವುದಿಲ್ಲ. ಕಾರಿನಲ್ಲಿ ಹೋಗುವವರಾದರೆ ಸುಂಕದ ಕಟ್ಟೆಯ ಹೆಸರಾಗಿ ಅದನ್ನು ಬಲ್ಲರು. ಹಣ ಕೊಟ್ಟೊಡನೆ ಮರೆತೂಬಿಡುವರು. ಹಾಸನಕ್ಕೆ ಇನ್ನು ಹದಿಮೂರು ಕಿಲೋಮೀಟರು ಇರುವಾಗ ಸಿಗುವ ಆ ಊರೇ ಶಾಂತಿಗ್ರಾಮ.

ಹೆಸರು ಕೇಳಿದೊಡನೆ ನಿಮ್ಮ ಮನಸ್ಸಿಗೆ ಏನು ಬರುತ್ತದೆಂಬುದನ್ನು ನಾನು ಊಹಿಸಬಲ್ಲೆ. ಯಾರೋ ಸಮಾಜಸೇವಕರು ಕಟ್ಟಿದ ಆಶ್ರಮದ ಹೆಸರಿನಂತಿದೆ, ಅಲ್ಲವೆ? ಇದು ಆಶ್ರಮವೂ ಅಲ್ಲ, ಹೊಸ ಬಡಾವಣೆಯೂ ಅಲ್ಲ. ಈ ಹೆಸರಿನಲ್ಲಿರುವ 'ಶಾಂತಿ' ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯನ್ನು ನೆನೆಸುವ ಮಾತು. ಹನ್ನೆರಡನೆಯ ಶತಮಾನದಲ್ಲಿ ಆಕೆಗೆ ಸಂದ ಊರು ಇದು. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಮಾತು.

ಕಾಲ ಹೆಸರಿನೊಡನೆ ಎಂಥ ಆಟವಾಡುತ್ತದೆ ನೋಡಿ. ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲಿ ಈ ಊರಿನ ಹೆಸರು ಬರಿಯ 'ಗ್ರಾಮ'. ಅಂದರೆ ರಾಣಿ ಹೋಗಿ, ಹಳ್ಳಿ ಮಾತ್ರ ಉಳಿದಿತ್ತು! ಊರಿಗೆ 'ಊರು' ಎಂದೇ ಹೆಸರಿಟ್ಟ ಹಾಗಾಯಿತು ಅದು. ಇಂದು ಸರ್ಕಾರಿ ಕಾಗದಪತ್ರಗಳಲ್ಲಿಯೂ ಹೆದ್ದಾರಿಯ ಫಲಕದ ಮೇಲೂ ಪೂರ್ತಿ ಹೆಸರೇ ಇದೆ. ಹಾಸನ ತಾಲ್ಲೂಕಿನ ಒಂದು ಹೋಬಳಿಗೂ ಇದೇ ಹೆಸರು.

ಊರಿನ ಕಥೆ ತಿಳಿಯಬೇಕಾದರೆ ಮೊದಲು ನೆಲವನ್ನು ತಿಳಿಯಬೇಕು. ರೇಡಿಯೋದಲ್ಲಿ ಹವಾಮಾನ ವರದಿಯನ್ನು ನೀವು ದಿನವೂ ಕೇಳುತ್ತೀರಿ. ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರೇ ಮಾತಿನಲ್ಲಿ ನಾಡನ್ನೆಲ್ಲ ಹಂಚಿಬಿಡುತ್ತಾರೆ. ಈ 'ದಕ್ಷಿಣ ಒಳನಾಡು' ಎಂಬ ಒಂದು ಮಾತಿನೊಳಗೆ ಹಾಸನ ಜಿಲ್ಲೆ ಇಡಿಯಾಗಿ ಅಡಗಿದೆ. ಆದರೆ ಆ ಜಿಲ್ಲೆಯ ಪಶ್ಚಿಮದ ತುದಿಗೂ ಪೂರ್ವದ ತುದಿಗೂ ಇರುವ ಅಂತರ ಅಷ್ಟಿಷ್ಟಲ್ಲ. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಚನ್ನರಾಯಪಟ್ಟಣದಲ್ಲಿ ಅದರ ಮೂರರಲ್ಲೊಂದು ಭಾಗ ಬಿದ್ದರೆ ರೈತ ದೇವರಿಗೆ ಕೈಮುಗಿಯುತ್ತಾನೆ. ಅಲ್ಲಿ ಕಾಫಿ, ಏಲಕ್ಕಿ. ಇಲ್ಲಿ ರಾಗಿ, ಹುರುಳಿ, ತೆಂಗು. ಮಲೆನಾಡು ಎಲ್ಲಿ ಮುಗಿಯಿತು, ಬಯಲುಸೀಮೆ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಎಳೆಯಲೇಬೇಕೆಂದರೆ ಆ ಗೆರೆ ಹಾಸನದ ಆಚೀಚೆಗೆ ಬರುತ್ತದೆ. ಶಾಂತಿಗ್ರಾಮ ಆ ಗೆರೆಯನ್ನು ಈಗತಾನೆ ದಾಟಿ ಬಯಲಿಗೆ ಕಾಲಿಟ್ಟ ಊರು.

ಇದು ಎತ್ತರದ ನೆಲ. ಹಾಸನದ ಸುತ್ತಿನ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿದೆ. ಹಳೆಯ ನೆಲವೂ ಹೌದು. ಎಷ್ಟು ಹಳೆಯದೆಂದರೆ, ಹಾಸನ ಮತ್ತು ಗೊರೂರಿನ ಸುತ್ತಲಿನ ಪಟ್ಟೆಪಟ್ಟೆಯಾದ ಬಂಡೆಗಳ ವಯಸ್ಸು ಸುಮಾರು 330 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ದಕ್ಷಿಣ ಭಾರತದ ಅತಿ ಪ್ರಾಚೀನ ಶಿಲೆಗಳಲ್ಲಿ ಅವು ಸೇರುತ್ತವೆ. ಹೊಳೆನರಸೀಪುರ, ನುಗ್ಗೇಹಳ್ಳಿಗಳ ಹೆಸರು ಭೂವಿಜ್ಞಾನದ ಪುಸ್ತಕಗಳಲ್ಲಿ ದೇವಸ್ಥಾನಗಳಿಗಾಗಿ ಬರುವುದಿಲ್ಲ, ಅಲ್ಲಿ ಹಾದುಹೋಗುವ ಹಳೆಯ ಶಿಲಾಪಟ್ಟಿಗಳಿಗಾಗಿ ಬರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಭೈರಾಪುರದಲ್ಲಿ ಕ್ರೋಮೈಟ್ ಅದಿರು ಸಿಕ್ಕಿದ್ದು ಇಂಥ ಪಟ್ಟಿಯಲ್ಲಿಯೇ. ಹೊಯ್ಸಳ ಶಿಲ್ಪಿಗಳಿಗೆ ವರವಾದದ್ದೂ ಈ ಬಗೆಯ ಶಿಲೆಗಳ ಸಂತತಿಯೇ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಲಿಯುತ್ತದೆ, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಬೇಲೂರಿನ ಮದನಿಕೆಯ ಕೈಬಳೆಯನ್ನು ಬೆರಳಿನಿಂದ ತಿರುಗಿಸಬಹುದೆಂದು ಮಾರ್ಗದರ್ಶಕರು ತೋರಿಸುತ್ತಾರಲ್ಲ, ಅದು ಶಿಲ್ಪಿಯ ಜಾಣ್ಮೆಯೊಂದರದೇ ಫಲವಲ್ಲ, ಕಲ್ಲಿನ ಔದಾರ್ಯವೂ ಅದರಲ್ಲಿ ಸೇರಿದೆ.

ಇನ್ನು ನೀರು. ಜಿಲ್ಲೆಯ ದೊಡ್ಡ ಹೊಳೆ ಹೇಮಾವತಿ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಗೊರೂರಿನ ಬಳಿ ಯಗಚಿಯನ್ನು ಕೂಡಿಕೊಂಡು, ಹೊಳೆನರಸೀಪುರದ ಮಗ್ಗುಲಿನಲ್ಲಿ ಹರಿದು ಕಾವೇರಿಯನ್ನು ಸೇರುತ್ತದೆ. 'ಹೊಳೆ' ಎಂಬ ಮಾತು ನರಸೀಪುರದ ಹೆಸರಿಗೆ ಅಂಟಿಕೊಂಡದ್ದು ಇದರಿಂದಲೇ. ಇಲ್ಲದಿದ್ದರೆ ತಿರುಮಕೂಡಲಿನ ನರಸೀಪುರಕ್ಕೂ ಇದಕ್ಕೂ ಅಂಚೆಯವರು ಗೊಂದಲಪಡಬೇಕಾಗಿತ್ತು. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಮೂವತ್ತೇಳು ಟಿ.ಎಂ.ಸಿ. ನೀರು ನಿಲ್ಲುವಂತಾಯಿತು. ಹಲವು ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ನೀರ ಹೊರಗೆ, ಹೀಗೆ ಇಂದಿಗೂ ಮುಳುಗಿ ಏಳುತ್ತಿವೆ.

ಆದರೆ ಹೊಯ್ಸಳರ ಕಾಲದಲ್ಲಿ ಬಯಲಿನ ಊರುಗಳಿಗೆ ಹೊಳೆ ದೂರದ ನೆಂಟ. ಹತ್ತಿರದ ನೆಂಟನೆಂದರೆ ಕೆರೆ. ಇದು ನೆನಪಿರಲಿ, ರಾಣಿಗೆ ಊರನ್ನು ಕೊಟ್ಟರೆಂಬ ಮಾತಿನ ಅರ್ಥ ಇಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಅರಸ ಊರನ್ನು ದಾನ ಕೊಟ್ಟನೆಂದರೆ ನಾವು ಒಂದು ಬೆಳ್ಳಿಯ ತಟ್ಟೆಯಲ್ಲಿ ಬೀಗದ ಕೈ ಇಟ್ಟು ಒಪ್ಪಿಸಿದಂತೆ ಕಲ್ಪಿಸಿಕೊಳ್ಳುತ್ತೇವೆ. ಸಿನಿಮಾದ ಪ್ರಭಾವ! ಕೊಡುತ್ತಿದ್ದದ್ದು ಊರಿನ ಹುಟ್ಟುವಳಿಯನ್ನು. ಗದ್ದೆಯ ಕಂದಾಯ, ಬೆದ್ದಲಿನ ಕಂದಾಯ, ಗಾಣದ ಮೇಲಿನ ತೆರೆ, ಮನೆಯ ಮೇಲಿನ ಹಣ, ಸಂತೆಯ ಸುಂಕ, ಇವು ಅಲ್ಲಿಯತನಕ ಅರಮನೆಗೆ ಹೋಗುತ್ತಿದ್ದವು. ಇನ್ನು ಮುಂದೆ ದಾನ ಪಡೆದವರಿಗೆ ಸಲ್ಲುವುವು. ಪಡೆದವರು ಅದನ್ನು ತಮ್ಮ ಊಟಕ್ಕೆ ಮಾತ್ರ ಖರ್ಚು ಮಾಡುವಂತಿರಲಿಲ್ಲ. ದೇವಾಲಯದ ನಂದಾದೀಪ, ನೈವೇದ್ಯ, ಓದುವ ಬ್ರಾಹ್ಮಣರ ಜೀವನ, ಬಂದವರಿಗೆ ಅನ್ನ ಇವೆಲ್ಲ ಅದರಿಂದ ನಡೆಯಬೇಕು. ವಿದ್ವಾಂಸರಿಗೆ ವೃತ್ತಿಗಳಾಗಿ ಹಂಚಿಕೊಟ್ಟ ಊರಿಗೆ ಅಗ್ರಹಾರವೆಂದು ಹೆಸರು.

ಈ ಎಲ್ಲ ವ್ಯವಸ್ಥೆಯ ಬೇರು ಕೆರೆಯಲ್ಲಿತ್ತು. ಕೆರೆ ಒಡೆದರೆ ಗದ್ದೆಯಿಲ್ಲ, ಗದ್ದೆಯಿಲ್ಲದಿದ್ದರೆ ಹುಟ್ಟುವಳಿಯಿಲ್ಲ, ಹುಟ್ಟುವಳಿಯಿಲ್ಲದಿದ್ದರೆ ದೀಪವಿಲ್ಲ. ಆದ್ದರಿಂದಲೇ ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವರ ಮಾತಿನ ಜೊತೆಜೊತೆಗೇ ಕೆರೆಯ ಮಾತು ಬರುತ್ತದೆ. ಕೆರೆ ಕಟ್ಟಿಸಿದವನಿಗೂ ಜೀರ್ಣೋದ್ಧಾರ ಮಾಡಿದವನಿಗೂ ಬಿಡುತ್ತಿದ್ದ ಭೂಮಿಗೆ ಕಟ್ಟುಕೊಡಗೆ ಎಂಬ ಹೆಸರಿತ್ತು. ಕೆರೆಯ ಕೆಳಗಿನ ಬೆಳೆಯಲ್ಲಿ ಕೆರೆಯ ನಿರ್ವಹಣೆಗೆಂದೇ ಒಂದು ಪಾಲನ್ನು ತೆಗೆದಿಡುವುದೂ ಇತ್ತು, ಅದು ಬಿತ್ತುವಟ್ಟ. ಅಂದರೆ ಹೂಳೆತ್ತುವ ಖರ್ಚಿಗೆ ಯಾರ ಮುಂದೆಯೂ ಅರ್ಜಿ ಹಿಡಿದು ನಿಲ್ಲಬೇಕಾಗಿರಲಿಲ್ಲ. ಕೆರೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತಿತ್ತು.

ಈಗ ಶಾಂತಲೆಯ ಬಳಿಗೆ ಬರೋಣ. ಆಕೆಯ ವಿಷಯದಲ್ಲಿ ಕನ್ನಡಿಗರ ತಲೆಯಲ್ಲಿ ಶಾಸನಕ್ಕಿಂತ ಕಾದಂಬರಿ ಹೆಚ್ಚು ತುಂಬಿದೆ. ಕೆ. ವಿ. ಅಯ್ಯರ್ ಅವರ 'ಶಾಂತಲಾ' ಓದಿ ಕಣ್ಣೀರಿಟ್ಟವರು ಒಂದು ತಲೆಮಾರು, ಸಿ. ಕೆ. ನಾಗರಾಜರಾಯರ 'ಪಟ್ಟಮಹಾದೇವಿ ಶಾಂತಲದೇವಿ'ಯ ದಪ್ಪ ಸಂಪುಟಗಳನ್ನು ಸರದಿಯ ಮೇಲೆ ಓದಿದವರು ಇನ್ನೊಂದು ತಲೆಮಾರು. ಕಾದಂಬರಿಯ ಸುಖ ಕಾದಂಬರಿಗಿರಲಿ. ಕಲ್ಲು ಹೇಳುವುದಿಷ್ಟು.

ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ಜೈನಧರ್ಮವನ್ನು ಹಿಡಿದಳು. ಗುರು ಪ್ರಭಾಚಂದ್ರ ಸಿದ್ಧಾಂತದೇವ. ಗೀತ, ವಾದ್ಯ, ನೃತ್ಯಗಳಲ್ಲಿ ಆಕೆಯ ಪಾಂಡಿತ್ಯವನ್ನು ಶಾಸನಗಳು ಹೊಗಳುತ್ತವೆ. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು, ಮರುವರ್ಷ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದಾಗ, ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಮಾಡಿಸಿದವಳು ಈ ಜೈನ ರಾಣಿ. ಆರು ವರ್ಷಗಳ ಮೇಲೆ, 1123ರಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಿನಾಥನ ಬಸದಿಯನ್ನು ಕಟ್ಟಿಸಿ, ಮೊಟ್ಟೆನವಿಲೆಯೆಂಬ ಊರನ್ನು ಅದಕ್ಕೆ ಬಿಟ್ಟಳು. ಆ ಬಸದಿಗೆ ಆಕೆಯ ಬಿರುದೇ ಹೆಸರು: ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ ಎಂದು ಅರ್ಥ. ದೇವರ ಮನೆಗೆ ಇಂಥ ಹೆಸರಿಡುವ ಗಟ್ಟಿತನ ಆಕೆಯದು! ಅರಮನೆಯೊಳಗಿನ ಜೀವನ ಹೂವಿನ ಹಾಸಿಗೆಯಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮದನಿಕೆಯರಿಗೆ ಆಕೆಯೇ ಮಾದರಿ ನಿಂತಳೆಂಬ ಮಾತಿಗೆ ಶಾಸನದ ಆಧಾರವಿಲ್ಲ. 1131ರಲ್ಲಿ ಶಿವಗಂಗೆಯಲ್ಲಿ ಆಕೆ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದ ತುದಿಯಿಂದ ಹಾರಿದಳೆಂದು ಶಿವಗಂಗೆಯಲ್ಲಿ ಒಂದು ಬಂಡೆಯನ್ನೇ ತೋರಿಸುತ್ತಾರೆ. ಕಲ್ಲಿನ ಬರಹ ಅದನ್ನು ಹೇಳುವುದಿಲ್ಲ. ಅದು ಹೇಳುವ ಮತ್ತೊಂದು ಸಂಗತಿ ನನಗೆ ಕಥೆಗಿಂತ ಹೆಚ್ಚು ನಾಟುತ್ತದೆ: ಮಗಳು ಹೋದಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಲ್ಲೇಖನ ವ್ರತ ಹಿಡಿದು, ಅನ್ನ ಬಿಟ್ಟು ಪ್ರಾಣ ಬಿಟ್ಟಳು. ಮುಂದೆ ಪಟ್ಟವೇರಿದ ನರಸಿಂಹ ಶಾಂತಲೆಯ ಮಗನಲ್ಲ, ಲಕ್ಷ್ಮೀದೇವಿಯ ಮಗ. ಆದ್ದರಿಂದ ಶಾಂತಲೆಯ ಹೆಸರನ್ನು ಮುಂದಕ್ಕೆ ಒಯ್ಯಲು ವಂಶವಿರಲಿಲ್ಲ. ಒಂದೆರಡು ಗುಡಿಗಳೂ ಒಂದು ಊರೂ ಇದ್ದವು.

ಇಂಥ ರಾಣಿಗೆ ಈ ಊರೇ ಏಕೆ? ನಕ್ಷೆಯನ್ನು ತೆಗೆದು ನೋಡಿ. ಬೇಲೂರು, ದೋರಸಮುದ್ರವೆಂಬ ಇಂದಿನ ಹಳೇಬೀಡು, ಇವು ಅರಮನೆಯ ಕಡೆ. ಶ್ರವಣಬೆಳಗೊಳ ಆಕೆಯ ಧರ್ಮದ ಕಡೆ. ಇವೆರಡರ ನಡುವೆ ಹಾಸನದ ಮೇಲೆ ಒಂದು ಗೆರೆ ಎಳೆದರೆ ಶಾಂತಿಗ್ರಾಮ ಆ ದಾರಿಯಲ್ಲಿ ಕೂತಿದೆ. ಮಳೆಯೂ ಮಲೆನಾಡಿನಂತೆ ಕೊಚ್ಚಿಕೊಂಡು ಹೋಗುವಷ್ಟಲ್ಲ, ಪೂರ್ವದ ಬಯಲಿನಂತೆ ಕೈಕೊಡುವಷ್ಟೂ ಅಲ್ಲ. ಕೆರೆ ಕಟ್ಟಿದರೆ ತುಂಬುವ ನೆಲ. ಇದು ನನ್ನ ಊಹೆ. ಶಾಸನ ಬರೆದವನು ಕಾರಣ ಕೊಡುವ ಗೋಜಿಗೆ ಹೋಗುವವನಲ್ಲ. ಆದರೂ ಈ ದಾರಿಯಲ್ಲಿ ನಾಲ್ಕು ಸಲ ಓಡಾಡಿದವರಿಗೆ ಇದು ತೀರ ಹುಸಿಯೆನಿಸಲಾರದು.

ರಾಣಿಯೊಬ್ಬಳು ಧರ್ಮಕ್ಕೆಂದು ಊರನ್ನು ಬೆಳೆಸುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಟರ್ಕಿ ದೇಶದ ಕೈಸೇರಿ ಪಟ್ಟಣದಲ್ಲಿ ಸೆಲ್ಜೂಕ್ ಸುಲ್ತಾನ ಕೈಕುಬಾದನ ಪತ್ನಿ ಮಹ್‌ಪೆರಿ ಹುನತ್ ಹಾತೂನ್ ಕಟ್ಟಿಸಿದ ಒಂದು ಸಮುಚ್ಚಯವಿದೆ. 1238ರದು. ಮಸೀದಿ, ವಿದ್ಯಾಶಾಲೆ, ಸ್ನಾನಗೃಹ, ಆಕೆಯ ಗೋರಿ ಎಲ್ಲ ಒಂದೆಡೆ. ಇಂಥ ಕಟ್ಟಡಗಳ ಖರ್ಚಿಗೆ ಅಲ್ಲಿ ಹಳ್ಳಿಗಳ, ಅಂಗಡಿಗಳ ಉತ್ಪತ್ತಿಯನ್ನು ವಕ್ಫ್ ಎಂದು ಬಿಟ್ಟುಕೊಡುತ್ತಿದ್ದರು. ನಮ್ಮ ದತ್ತಿಗೂ ಅದಕ್ಕೂ ಹೆಸರಿನಲ್ಲಿ ಭೇದ, ಲೆಕ್ಕದಲ್ಲಿ ಒಂದೇ. ಅಲ್ಲಿ ಆಕೆಯ ಹೆಸರು ಕಟ್ಟಡಕ್ಕೆ ಅಂಟಿತು, ಇಲ್ಲಿ ಊರಿಗೇ ಅಂಟಿತು.

ಶಾಂತಿಗ್ರಾಮದಲ್ಲಿ ಇಂದು ಭಕ್ತರನ್ನು ಸೆಳೆಯುವ ಗುಡಿ ಭೋಗನರಸಿಂಹಸ್ವಾಮಿಯದು. ಶಿಲ್ಪಶಾಸ್ತ್ರ ಬಲ್ಲವರು ನರಸಿಂಹನನ್ನು ಹಲವು ಬಗೆಯಾಗಿ ವಿಂಗಡಿಸುತ್ತಾರೆ. ಕಂಬದಿಂದ ಸಿಡಿದು ಬಂದವನು ಉಗ್ರ. ಮಂಡಿಗೆ ಪಟ್ಟಿ ಬಿಗಿದು ಧ್ಯಾನಕ್ಕೆ ಕೂತವನು ಯೋಗ. ಲಕ್ಷ್ಮಿಯೊಡನೆ ಪ್ರಸನ್ನನಾಗಿ ಕುಳಿತವನು ಭೋಗ. ಈ ಸೀಮೆಯ ಜನ ಸಿಟ್ಟು ಇಳಿದ ನರಸಿಂಹನನ್ನೇ ಹೆಚ್ಚು ಮೆಚ್ಚಿದಂತೆ ತೋರುತ್ತದೆ. ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಮಾಡಿಸಿದ ಗುಡಿಯಲ್ಲಿಯೂ ಲಕ್ಷ್ಮೀನರಸಿಂಹ. ಶಾಂತಿಗ್ರಾಮದಲ್ಲಿ ಶಿವನಿಗೂ ನೆಲೆಯುಂಟು, ಧರ್ಮೇಶ್ವರನೆಂಬ ಹೆಸರಿನಲ್ಲಿ. ಬೇಲೂರು, ಹಳೇಬೀಡುಗಳ ಕೆತ್ತನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದರೆ ನಿರಾಶೆಯಾದೀತು. ಇದು ಪೂಜೆ ನಡೆಯುವ ಊರಗುಡಿಯ ಸೊಬಗು.

ಹಳೆಯ ಅಗ್ರಹಾರದ ಗುರುತು ಗುಡಿಗಿಂತ ಹೆಚ್ಚಾಗಿ ಮನೆತನಗಳ ನೆನಪಿನಲ್ಲಿದೆ. ಹೆಬ್ಬಾರ್ ಅಯ್ಯಂಗಾರರಲ್ಲಿ ಹಲವು ಕುಟುಂಬಗಳು ತಮ್ಮ ಮೂಲದ ಊರು ಶಾಂತಿಗ್ರಾಮವೆಂದು ಹೇಳಿಕೊಳ್ಳುವುದುಂಟು. ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಮೂರು ತಲೆಮಾರಿನಿಂದ ನೆಲಸಿದವರು, ಮದುವೆಯ ಮಾತುಕತೆಯಲ್ಲಿ "ನಾವು ಗ್ರಾಮದವರು" ಎನ್ನುವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಇಂಗ್ಲಿಷ್ ಓದು, ಸರ್ಕಾರಿ ನೌಕರಿಗಳು ಅಗ್ರಹಾರದ ಹುಡುಗರನ್ನು ಪಟ್ಟಣಕ್ಕೆ ಕರೆದವು. ಆಮೇಲೆ ಮೈಸೂರು ರಾಜ್ಯದ 1954 ಮತ್ತು 1955ರ ಇನಾಂ ರದ್ದತಿ ಶಾಸನಗಳು ಬಂದವು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿಯಾಗಿ ಉಳುವವನೇ ಒಡೆಯನಾದ. ಅನೇಕ ತಲೆಮಾರು ಗುತ್ತಿಗೆಗೆ ಉತ್ತವನ ಹೆಸರು ಪಹಣಿಯಲ್ಲಿ ಬಂದದ್ದು ನ್ಯಾಯವೇ. ಅದರೊಡನೆ ಕಲ್ಲಿನ ಮೇಲೆ ಸೂರ್ಯಚಂದ್ರರಿರುವತನಕ ಎಂದು ಬರೆಸಿದ್ದ ಹಂಚಿಕೆ ಮುಗಿದುಹೋಯಿತೆಂಬುದೂ ನಿಜ.

ಇಲ್ಲಿ ಒಂದು ಎಳೆ ಕಡಿಯಿತು. ಮಾನ್ಯದ ಭೂಮಿ ಹೋದಾಗ, ಆ ಭೂಮಿಗೆ ಅಂಟಿಕೊಂಡಿದ್ದ ಕೆಲಸವೂ ಹೋಯಿತು. ಕೆರೆಗಳು ಇಲಾಖೆಗಳ ಪಾಲಾದವು. ಹಿಂದೆ ನೀರುಗಂಟಿಯೊಬ್ಬ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ. ಅವನ ಕೂಲಿ ಕಣದಲ್ಲಿಯೇ ಸಲ್ಲುತ್ತಿತ್ತು. ಬಯಲುಸೀಮೆಯ ಕೆರೆಗಳು ಒಂಟಿಯಾಗಿ ಬದುಕುವುವಲ್ಲ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಡುವಿನ ಕಾಲುವೆಯನ್ನು ಯಾರೋ ಒಬ್ಬರು ಉತ್ತು ಹೊಲಕ್ಕೆ ಸೇರಿಸಿಕೊಂಡರೆ ಕೆಳಗಿನ ಊರಿನ ಕೆರೆ ಬತ್ತುತ್ತದೆ, ಕೆಳಗಿನವರು ಮಳೆಯನ್ನು ದೂರುತ್ತಾರೆ. ಹಾಸನ ಜಿಲ್ಲೆಯ ಪೂರ್ವಭಾಗದಲ್ಲಿ ನೀವು ಯಾವ ಹಿರಿಯರನ್ನು ಕೇಳಿದರೂ ಇಂಥ ಒಂದು ಕಾಲುವೆಯ ಕಥೆ ಹೇಳುತ್ತಾರೆ. ಈಗ ಕೊಳವೆಬಾವಿ ಬಂದು, ಕೆರೆಯ ನೀರನ್ನು ಕೇಳುವವರೇ ಕಡಮೆಯಾಗಿದ್ದಾರೆ. ಆದರೆ ಕೆರೆ ತುಂಬಿದ ವರ್ಷ ಅದರ ಕೆಳಗಿನ ಕೊಳವೆಬಾವಿಯಲ್ಲಿಯೂ ನೀರು ಮೇಲೇರುತ್ತದೆಂಬುದು ಬೇಸಾಯಗಾರರಿಗೆ ತಿಳಿಯದ ವಿಷಯವೇನಲ್ಲ.

ಬೇಸಾಯವೂ ಬದಲಾಗಿದೆ. ಹಾಸನದ ಆಲೂಗಡ್ಡೆ ಎಂದರೆ ಒಂದು ಕಾಲಕ್ಕೆ ಮದರಾಸಿನ ಮಾರುಕಟ್ಟೆಯವರೆಗೂ ಹೆಸರು. ಬೀಜದ ಗೆಡ್ಡೆ ದೂರದ ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬರುತ್ತದೆ. ಮುಂಗಾರಿನ ಮೊದಲ ಹದಕ್ಕೆ ನೆಟ್ಟರೆ ಮೂರು ತಿಂಗಳಿಗೆ ಕೈಗೆ ಹಣ. ಆದರೆ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ರೋಗ ಬಂದು ಎರಡೇ ದಿನದಲ್ಲಿ ಹಸುರು ಹೊಲ ಸುಟ್ಟಂತಾಗುತ್ತದೆ. ಹೀಗೆ ಪೆಟ್ಟು ತಿಂದವರು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದ್ದಾರೆ. ರಾಗಿ ಮಾತ್ರ ಮನೆಯ ಹಿರಿಯನಂತೆ ಒಂದು ಮೂಲೆ ಹಿಡಿದು ಕೂತಿದೆ.

ದಾರಿಯ ಮಾತು ಹೇಳಿ ಮುಗಿಸುತ್ತೇನೆ. ಬೆಂಗಳೂರು–ಮಂಗಳೂರು ಹೆದ್ದಾರಿ ಈಗ ಇಲ್ಲಿ ನಾಲ್ಕು ಪಥದ್ದು. ಶ್ರವಣಬೆಳಗೊಳದ ಮೇಲೆ ಹಾಸನಕ್ಕೂ ಬೆಂಗಳೂರಿಗೂ ನೇರ ರೈಲು 2017ರಿಂದ ಓಡುತ್ತಿದೆ. ದಾರಿ ಅಗಲವಾದಷ್ಟೂ ನಡುವಿನ ಊರಿನಲ್ಲಿ ಇಳಿಯುವವರು ಕಡಮೆ. ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋಗುವುದಾದರೆ, ಹಾಸನದಲ್ಲಿ ಚನ್ನರಾಯಪಟ್ಟಣದ ಕಡೆಯ ಸಾಮಾನ್ಯ ಬಸ್ಸನ್ನೇ ಹಿಡಿಯಿರಿ. ವೇಗದೂತ ಬಸ್ಸು ಎಲ್ಲ ಕಡೆ ನಿಲ್ಲುವುದಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ನರಸಿಂಹನ ಗುಡಿ ಸೇರಿಕೊಳ್ಳಿ. ಊರಿನೊಳಗೆ ಎಲ್ಲಾದರೂ ಬರಹವಿರುವ ಕಲ್ಲು ಕಂಡರೆ, ಕುಂಕುಮ ಹಚ್ಚುವ ಮೊದಲು ಒಂದು ಕ್ಷಣ ಬಗ್ಗಿ ನೋಡಿ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಈ ತಾಲ್ಲೂಕಿನ ನೂರಾರು ಕಲ್ಲುಗಳು ಅಚ್ಚಾಗಿವೆ. ಅಕ್ಷರ ಓದಲಾಗದಿದ್ದರೂ ಮೇಲೆ ಕೆತ್ತಿದ ಸೂರ್ಯಚಂದ್ರರು ಯಾರಿಗೂ ಅರ್ಥವಾಗುತ್ತಾರೆ. ಆಮೇಲೆ ಕೆರೆ ಎಲ್ಲಿದೆಯೆಂದು ಊರವರನ್ನು ಕೇಳಿ, ಏರಿಯ ಮೇಲೆ ಸ್ವಲ್ಪ ದೂರ ನಡೆದು, ತೂಬು ಯಾವ ಸ್ಥಿತಿಯಲ್ಲಿದೆಯೆಂದು ನೋಡಿಕೊಂಡು ಬನ್ನಿ.